ರೇಟ್ ಕೇಳುವ ಮೊದಲು ಲೈಸೆನ್ಸ್ ಕೇಳಿ: ಪಿ.ಜಿ. ಕೋಣೆಯ ತಿಗಣೆ, ಪೆಸ್ಟ್ ಕಂಟ್ರೋಲ್ ದಂಧೆ ಮತ್ತು ನಾವು

2025ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಎಚ್‌ಎಎಲ್ ಪೊಲೀಸ್ ಠಾಣೆ ವ್ಯಾಪ್ತಿಯ ಪಿ.ಜಿ.ಯೊಂದರಲ್ಲಿ ಆಂಧ್ರದ ವಿದ್ಯಾರ್ಥಿಯೊಬ್ಬ ತೀರಿಕೊಂಡ. ಅವನು ಊರಿಗೆ ಹೋಗಿದ್ದಾಗ ಕೋಣೆಗೆ ತಿಗಣೆ ಔಷಧಿ ಹೊಡೆದಿದ್ದರು, ಆದರೆ ಅವನಿಗೆ ಯಾರೂ ತಿಳಿಸಿರಲಿಲ್ಲ ಅನ್ನೋದು ದೂರು. ವಾಪಸ್ ಬಂದ, ಬಾಗಿಲು ತೆರೆದ, ಮಲಗಿದ. ಅಷ್ಟೇ.

ಇದು ಮೊದಲನೆಯದೂ ಅಲ್ಲ. 2022ರಲ್ಲಿ ವಸಂತನಗರದ ಬಾಡಿಗೆ ಮನೆಯೊಂದರಲ್ಲಿ ಕೀಟನಾಶಕ ಹೊಡೆದ ಮೇಲೆ ವಾಪಸ್ ಬಂದ ಕುಟುಂಬದ ಪುಟ್ಟ ಹುಡುಗಿ ಸತ್ತಳು. 2024ರ ಆಗಸ್ಟ್‌ನಲ್ಲಿ ಜ್ಞಾನಭಾರತಿ ಬಳಿಯ ಹಾಸ್ಟೆಲ್ ಒಂದರಲ್ಲಿ ಇಲಿಗೆಂದು ಹೊಡೆದ ಔಷಧಿಯಿಂದ ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದರು. ಅದೇ ವರ್ಷ ನವೆಂಬರ್‌ನಲ್ಲಿ ಚೆನ್ನೈನ ಕುಂದ್ರತ್ತೂರಿನಲ್ಲಿ, ಪೆಸ್ಟ್ ಕಂಟ್ರೋಲ್ ಕಂಪನಿಯವರು ಮನೆಯಲ್ಲಿ ಇಲಿ ಪಾಷಾಣ ಇಟ್ಟು ಹೋದ ರಾತ್ರಿ ಎರಡು ಮಕ್ಕಳು ಸತ್ತವು.

ಪೆಸ್ಟ್ ಕಂಟ್ರೋಲ್ ಮೋಸ ಅಂದಾಗ ನಮಗೆ ನೆನಪಾಗೋದು ಕಳಕೊಂಡ ಎರಡು-ಮೂರು ಸಾವಿರ ರೂಪಾಯಿ. ಈ ಘಟನೆಗಳೆಲ್ಲ ದುಡ್ಡಿನ ಮೋಸದವಲ್ಲ, ನಿಜ. ಆದರೆ ದುಡ್ಡಿನ ಮೋಸಕ್ಕೂ ಇವಕ್ಕೂ ಬಾಗಿಲು ಒಂದೇ: ಮನೆಯೊಳಗೆ ವಿಷ ತರುವವನು ಯಾರು, ಅವನ ಕೈಯಲ್ಲಿರೋದು ಏನು ಅಂತ ಯಾರೂ ಕೇಳದಿರುವುದು. ಅದನ್ನು 'ಔಷಧಿ' ಅಂತ ಕರೆದು ಕರೆದು ವಿಷ ಅನ್ನೋದೇ ಮರೆತುಹೋಗಿದೆ.

ಮೋಸದ ನಾಲ್ಕು ದಾರಿ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಈ ದಂಧೆಗೆ ಹೇಳಿ ಮಾಡಿಸಿದ ಜಾಗಗಳು. ಆರು ತಿಂಗಳಿಗೊಮ್ಮೆ ಕೋಣೆ ಬದಲಿಸುವವರು, ಹಾಸಿಗೆ ಸಮೇತ ಊರೂರು ಸುತ್ತುವ ತಿಗಣೆ, ಅಕ್ಕಪಕ್ಕದವರ ಪರಿಚಯವೇ ಇಲ್ಲದ ಬಾಡಿಗೆದಾರರು. ಯಾರನ್ನು ಕೇಳೋದು? ಫೋನ್ ತೆಗೆದು 'ಪೆಸ್ಟ್ ಕಂಟ್ರೋಲ್ ನಿಯರ್ ಮಿ' ಅಂತ ಹುಡುಕುತ್ತೇವೆ.

ಮೊದಲ ಮೋಸ ಅಲ್ಲೇ. ಹೆಸರುವಾಸಿ ಕಂಪನಿಯ ಹೆಸರಲ್ಲಿ ಬೇರೆ ಯಾರದೋ ನಂಬರ್ ಇರುತ್ತದೆ. 'ಸ್ಲಾಟ್ ಬುಕ್ ಆಗಬೇಕು, ಅಡ್ವಾನ್ಸ್ ಹಾಕಿ' ಅಂತಾರೆ. ಆಮೇಲೆ ಫೋನ್ ಸ್ವಿಚ್ ಆಫ್. ಕೆಲವೊಮ್ಮೆ 'ರೀಫಂಡ್ ಕಳಿಸ್ತೀವಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ' ಅನ್ನೋ ಎರಡನೇ ಸುತ್ತೂ ಇರುತ್ತದೆ. ನೆನಪಿಡಿ, ಯುಪಿಐನಲ್ಲಿ ದುಡ್ಡು ಬರೋಕೆ ಪಿನ್ ಬೇಕಿಲ್ಲ, ಹೋಗೋಕೆ ಮಾತ್ರ ಬೇಕು.

ಎರಡನೆಯದು, ನೀರು ಹೊಡೆಯೋದು. ಘಾಟು ವಾಸನೆ ಬಂದರೆ ಕೆಲಸ ಆಗಿದೆ ಅಂದುಕೊಳ್ಳುತ್ತೇವೆ, ವಾಸನೆ ಬಾರದಿದ್ದರೆ 'ಹರ್ಬಲ್ ಸರ್' ಅಂತಾರೆ. ಎರಡರಲ್ಲೂ ಬಾಟಲಿ ನೋಡಿದವರಿಲ್ಲ. ಮೂರನೆಯದು 'ಒಂದೇ ಸಲಕ್ಕೆ ತಿಗಣೆ ಖತಂ, ಒಂದು ವರ್ಷ ಗ್ಯಾರಂಟಿ'. ತಿಗಣೆಯ ಮೊಟ್ಟೆ ಬಹುತೇಕ ಸ್ಪ್ರೇಗಳಿಗೆ ಬಗ್ಗಲ್ಲ, ಒಂದೆರಡು ವಾರದಲ್ಲಿ ಮರಿಯಾಗುತ್ತದೆ. ಅದಕ್ಕೇ ಸರಿಯಾಗಿ ಕೆಲಸ ಮಾಡುವವರು ಸುಮಾರು ಎರಡು ವಾರ ಬಿಟ್ಟು ಮತ್ತೆ ಬರುತ್ತಾರೆ. ಎರಡನೇ ಭೇಟಿಯ ಮಾತೇ ಎತ್ತದವನ ಗ್ಯಾರಂಟಿಗೆ ಬೆಲೆಯಿಲ್ಲ.

ನಾಲ್ಕನೆಯದು ಗೆದ್ದಲು. ಇಲ್ಲಿ ದುಡ್ಡು ದೊಡ್ಡದು, ಲೆಕ್ಕ ಸುಲಭ. ಕಟ್ಟಿ ಮುಗಿದ ಮನೆಗೆ ಗೆದ್ದಲು ಚಿಕಿತ್ಸೆ ಹೇಗೆ ಮಾಡಬೇಕು ಅಂತ ಭಾರತೀಯ ಮಾನಕ ಐಎಸ್ 6313ರ 3ನೇ ಭಾಗ ಹೇಳುತ್ತದೆ: ಗೋಡೆ-ನೆಲ ಸೇರುವಲ್ಲಿ ಸುಮಾರು 300 ಮಿ.ಮೀ.ಗೊಂದರಂತೆ 12 ಮಿ.ಮೀ. ತೂತು, ಪ್ರತಿ ತೂತಿಗೆ ಗರಿಷ್ಠ 1 ಲೀಟರ್ ದ್ರಾವಣ. ಅಂದರೆ 30 ಮೀಟರ್ ಗೋಡೆಗೆ 100 ತೂತು, ದ್ರಾವಣ 100 ಲೀಟರ್‌ವರೆಗೆ. ಕ್ಲೋರ್‌ಪೈರಿಫಾಸ್ 20 ಇಸಿ ಆದರೆ 1 ಲೀಟರಿಗೆ 19 ಲೀಟರ್ ನೀರು. 100 ಲೀಟರ್ ಬೇಕೆಂದರೆ 5 ಲೀಟರ್ ಮೂಲ ರಾಸಾಯನಿಕ ಬೇಕು. 10 ಲೀಟರ್ ಕ್ಯಾನ್ ಹಿಡಿದು ಬಂದು ಅರ್ಧ ಗಂಟೆಯಲ್ಲಿ ಇಡೀ ಮನೆ ಮುಗಿಸಿದರೆ ಏನಾಯ್ತು ಅಂತ ನೀವೇ ಲೆಕ್ಕ ಹಾಕಿ.

ಯಾರೂ ಕೇಳದ ಒಂದು ಕಾಗದ

ಕುಂದ್ರತ್ತೂರಿನ ಸಾವುಗಳ ನಂತರ ಪೊಲೀಸರ ಜೊತೆ ತಪಾಸಣೆಗೆ ಇಳಿದವರು ಕೃಷಿ ಇಲಾಖೆಯವರು. ನಗರದ ಅಪಾರ್ಟ್‌ಮೆಂಟಿನ ಇಲಿಗೂ ಕೃಷಿ ಇಲಾಖೆಗೂ ಏನು ಸಂಬಂಧ?

ಸಂಬಂಧ ಇದೆ. 1958ರಲ್ಲಿ ಕೇರಳ ಮತ್ತು ಆಗಿನ ಮದ್ರಾಸ್ ರಾಜ್ಯದಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ಬೆನ್ನಿಗೆ ಬಂದದ್ದು 1968ರ ಕೀಟನಾಶಕ ಕಾಯ್ದೆ, ಅದರಡಿ 1971ರ ನಿಯಮಗಳು. ಇದರ ಪ್ರಕಾರ ವಾಣಿಜ್ಯ ಪೆಸ್ಟ್ ಕಂಟ್ರೋಲ್ ನಡೆಸೋರಿಗೆ ಪ್ರತ್ಯೇಕ ಲೈಸೆನ್ಸ್ ಬೇಕು. ಕೊಡುವುದು ರಾಜ್ಯದ ಕೃಷಿ ಇಲಾಖೆ. ಲೈಸೆನ್ಸಿಗೆ ಕೃಷಿ ಪದವಿ ಅಥವಾ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವಿ, ಜೊತೆಗೆ ಕನಿಷ್ಠ 15 ದಿನದ ತರಬೇತಿ ಬೇಕು. ತರಬೇತಿ ಕೊಡುವ ಸಂಸ್ಥೆಗಳಲ್ಲಿ ಒಂದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ. ಅಲ್ಯೂಮಿನಿಯಂ ಫಾಸ್ಫೈಡ್‌ನಂಥ ವಿಷಾನಿಲ ಬಿಡುವ ಮಾತ್ರೆಗಳ ಬಳಕೆಗೆ ಇನ್ನೂ ಬಿಗಿ ನಿರ್ಬಂಧಗಳಿವೆ.

ಈಗ ಹೇಳಿ, ನಿಮ್ಮ ಪಿ.ಜಿ.ಗೆ ಔಷಧಿ ಹೊಡೆದವನ ಹತ್ತಿರ ಯಾರಾದರೂ ಈ ಲೈಸೆನ್ಸ್ ಕೇಳಿದ್ದಾರಾ? ಕೇಳಿದರೂ ಮುಂದೆ ಬರುವುದು ಉದ್ಯಮ್ ನೋಂದಣಿ, ಐಎಸ್‌ಒ ಸರ್ಟಿಫಿಕೇಟ್, ಜಿಎಸ್‌ಟಿ ನಂಬರ್. ಇವು ಯಾವುವೂ ಆ ಲೈಸೆನ್ಸ್ ಅಲ್ಲ. ಉದ್ಯಮ್ ಅಂದರೆ ಮಾಲೀಕರೇ ಆನ್‌ಲೈನ್‌ನಲ್ಲಿ ತುಂಬಿಕೊಳ್ಳುವ ಸ್ವಯಂಘೋಷಣೆ. ಅದನ್ನು ತೋರಿಸಿ 'ಗವರ್ನಮೆಂಟ್ ಅಪ್ರೂವ್ಡ್' ಅನ್ನುವುದೇ ಒಂದು ಮೋಸ.

ದುಡ್ಡು ಕೊಡುವವನು ಬೇರೆ, ಉಸಿರಾಡುವವನು ಬೇರೆ

ಪೀಣ್ಯದ ಕಾರ್ಖಾನೆಯಿಂದ ವಿದೇಶಕ್ಕೆ ಹೋಗುವ ಮರದ ಪ್ಯಾಲೆಟ್ ನೋಡಿ. ಅದಕ್ಕೆ ಶಾಖ ಕೊಟ್ಟಿದ್ದಾರೋ, ಮೀಥೈಲ್ ಬ್ರೋಮೈಡ್ ಹಾಯಿಸಿದ್ದಾರೋ ಅಂತ ಹೇಳುವ ಮುದ್ರೆ ಮರದ ಮೇಲೇ ಇರಬೇಕು. ಇಲ್ಲದಿದ್ದರೆ ಆಚೆ ಕಡೆಯ ಬಂದರಿನಲ್ಲಿ ಸರಕು ನಿಲ್ಲುತ್ತದೆ. ಕೊಳ್ಳುವವನು ಕೇಳುತ್ತಾನೆ, ಹಾಗಾಗಿ ದಾಖಲೆ ಇರುತ್ತದೆ. ಅದೇ ಪೀಣ್ಯದ ಕಾರ್ಮಿಕರು ಮಲಗುವ ಕೋಣೆಗೆ ಏನು ಹೊಡೆದರು ಅನ್ನೋದಕ್ಕೆ ಒಂದು ಚೀಟಿಯೂ ಇರಲ್ಲ.

ಕಾರಣ ಸರಳ. ಪಿ.ಜಿ.ಯಲ್ಲಿ ಯಾರನ್ನು ಕರೆಸಬೇಕು ಅಂತ ತೀರ್ಮಾನಿಸೋದು ಮಾಲೀಕ, ಅಪಾರ್ಟ್‌ಮೆಂಟಿನಲ್ಲಿ ಅಸೋಸಿಯೇಷನ್. ಅವರು ನೋಡೋದು ಕಡಿಮೆ ಕೊಟೇಶನ್. ಕಡಿಮೆ ಕೊಟೇಶನ್ ಕೊಟ್ಟವನು ಉಳಿಸೋದು ಎಲ್ಲಿ? ಒಂದೋ ರಾಸಾಯನಿಕಕ್ಕೆ ನೀರು ಬೆರೆಸುತ್ತಾನೆ, ಇಲ್ಲ ಹೊಲಕ್ಕೆ ಹೊಡೆಯುವ ಅಗ್ಗದ ಸರಕು ತರುತ್ತಾನೆ. ಜೊತೆಗೆ ಹುಡುಗರಿಗೆ ಗ್ಲೌಸ್, ಮಾಸ್ಕ್ ಕೊಡೋದನ್ನು ಬಿಡುತ್ತಾನೆ. ರಕ್ಷಣಾ ಉಡುಪು, ವೈದ್ಯಕೀಯ ತಪಾಸಣೆ ಎರಡೂ ನಿಯಮದಲ್ಲೇ ಇವೆ. ಬರಿಗೈಯಲ್ಲಿ ಪಂಪ್ ಹಿಡಿದು ಬರುವ ಹುಡುಗನೇ ಈ ದಂಧೆಯ ಮೊದಲ ಬಲಿಪಶು. ಅವನ ಮೇಲೆ ಕೂಗಾಡಿದರೆ ಏನೂ ಬದಲಾಗಲ್ಲ.

ಹಾಗಾದರೆ ಏನು ಕೇಳಬೇಕು?

ಫೋನಿನಲ್ಲೇ ಕೇಳಿ: 'ಕೃಷಿ ಇಲಾಖೆಯ ಪೆಸ್ಟ್ ಕಂಟ್ರೋಲ್ ಲೈಸೆನ್ಸಿನ ಫೋಟೋ ವಾಟ್ಸಾಪ್ ಮಾಡಿ. ಯಾವ ಕೆಮಿಕಲ್, ಎಷ್ಟು ಪ್ರಮಾಣ ಅಂತ ಬರೆದು ಕಳಿಸಿ.' ಲೈಸೆನ್ಸಿನಲ್ಲಿರುವ ಹೆಸರು, ವಿಳಾಸ, ಅವಧಿ ನೋಡಿ. ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ, ಕರ್ನಾಟಕದ ನೋಂದಣಿ 29ರಿಂದ ಶುರುವಾಗುತ್ತದೆ. ಎರಡರಲ್ಲೂ ಒಂದೇ ಹೆಸರಿರಬೇಕು. ಕೆಲಸಕ್ಕೆ ಮೊದಲೇ ಪೂರ್ತಿ ದುಡ್ಡು ಬೇಡ, ವ್ಯಕ್ತಿಯ ಖಾತೆಗೆ ಬೇಡವೇ ಬೇಡ.

ಅವರು ಬಂದ ಮೇಲೆ ಸೀಲ್ ಇರುವ ಬಾಟಲಿಯನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ಲೇಬಲ್ ಫೋಟೋ ತೆಗೆದಿಟ್ಟುಕೊಳ್ಳಿ. ಲೇಬಲ್ ಮೇಲಿನ ವಜ್ರಾಕೃತಿಯಲ್ಲಿ ಕೆಂಪು ಅಂದರೆ ಅತಿ ತೀವ್ರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಮನೆಯೊಳಗೆ ಕೆಂಪು ಕಂಡರೆ ಕೆಲಸ ನಿಲ್ಲಿಸಿ. ಡೈಕ್ಲೋರ್ವಾಸ್ ಅಂತ ಇದ್ದರೂ ನಿಲ್ಲಿಸಿ, ಅದಕ್ಕೆ 2020ರ ಡಿಸೆಂಬರ್ 31ರಿಂದ ದೇಶದಲ್ಲೇ ನಿಷೇಧ ಇದೆ. ಲೇಬಲ್ ಇಲ್ಲದ ನೀರಿನ ಬಾಟಲಿಯಲ್ಲಿ ತಂದಿದ್ದರೆ ಮಾತೇ ಬೇಡ. ಮತ್ತೆ ಯಾವಾಗ ಒಳಗೆ ಬರಬಹುದು, ಎಷ್ಟು ಹೊತ್ತು ಕಿಟಕಿ ತೆರೆದಿಡಬೇಕು ಅನ್ನೋದನ್ನು ಬಿಲ್ ಮೇಲೆ ಬರೆಸಿಕೊಳ್ಳಿ.

ದುಡ್ಡು ಹೋಯಿತಾ? ಆನ್‌ಲೈನ್ ವಂಚನೆಗೆ ತಕ್ಷಣ 1930. ಕೆಲಸ ಸರಿಯಾಗದಿದ್ದರೆ ಗ್ರಾಹಕ ಸಹಾಯವಾಣಿ 1915, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ಅಲ್ಲಿ ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, 2 ವರ್ಷದೊಳಗೆ ಹಾಕಬೇಕು. ಯಾರಿಗಾದರೂ ವಾಂತಿ, ಉಸಿರಾಟದ ತೊಂದರೆ ಆದರೆ ಮೊದಲು ಹೊರಗೆ ಕರೆತಂದು 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಆ ಲೇಬಲ್ ಫೋಟೋ ತೋರಿಸಿ. ಏನು ವಿಷ ಅಂತ ಗೊತ್ತಾಗದೆ ವೈದ್ಯರು ಕಳೆಯುವ ಪ್ರತಿ ನಿಮಿಷವೂ ದುಬಾರಿ.

ಇಷ್ಟೆಲ್ಲ ನೀವು ಮಾಡಿದರೂ, ನೀವಿಲ್ಲದಾಗ ನಿಮ್ಮ ಕೋಣೆಗೆ ಹೊಡೆದರೆ? ಅಲ್ಲಿ ವೈಯಕ್ತಿಕ ಎಚ್ಚರ ಸೋಲುತ್ತದೆ. 2024ರಲ್ಲಿ ಕೋರಮಂಗಲದ ಪಿ.ಜಿ.ಯಲ್ಲಿ ಯುವತಿಯೊಬ್ಬಳ ಕೊಲೆಯಾದ ಮೇಲೆ ಬಿಬಿಎಂಪಿ ಪಿ.ಜಿ.ಗಳಿಗೆ ಮಾರ್ಗಸೂಚಿ ತಂದಿತು: ಸಿಸಿಟಿವಿ, ಒಬ್ಬರಿಗೆ 70 ಚದರ ಅಡಿ ಜಾಗ, ಇತ್ಯಾದಿ. ಬಿಬಿಎಂಪಿ ಈಗ ಇಲ್ಲ, ಜವಾಬ್ದಾರಿ ಹೊಸ ಪಾಲಿಕೆಗಳದ್ದು. ಪಿ.ಜಿ. ಪರವಾನಗಿಯ ಷರತ್ತಿಗೆ ಒಂದು ಸಾಲು ಸೇರಿಸಲು ಅವಕ್ಕೆ ಹೊಸ ಕಾಯ್ದೆ ಬೇಕಿಲ್ಲ: ಕೀಟನಾಶಕ ಹೊಡೆಯುವ ಮುನ್ನ ಎಲ್ಲ ನಿವಾಸಿಗಳಿಗೂ ಲಿಖಿತ ಸೂಚನೆ, ಬಾಗಿಲಿಗೆ ರಾಸಾಯನಿಕದ ಹೆಸರು ಮತ್ತು ಮರುಪ್ರವೇಶದ ಸಮಯದ ಚೀಟಿ, ಲೈಸೆನ್ಸ್ ಇದ್ದವರಿಂದಷ್ಟೇ ಕೆಲಸ. ಕೃಷಿ ಇಲಾಖೆಯೂ ಲೈಸೆನ್ಸ್ ಇರುವವರ ಪಟ್ಟಿಯನ್ನು ಫೋನಿನಲ್ಲೇ ಹುಡುಕುವಂತೆ ಕನ್ನಡದಲ್ಲಿ ಕೊಡಲಿ.

ಅದು ಬರುವವರೆಗೆ ಕಾಯಬೇಕಿಲ್ಲ. ಇವತ್ತು ಸಂಜೆಯೇ ನಿಮ್ಮ ಪಿ.ಜಿ. ಅಥವಾ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿ: 'ಕಳೆದ ಸಲ ಔಷಧಿ ಹೊಡೆದವರ ಲೈಸೆನ್ಸ್ ಯಾರಾದರೂ ನೋಡಿದ್ದೀರಾ?' ಉತ್ತರ ಬಾರದಿದ್ದರೆ ಮುಂದಿನ ಸಲ ನೀವೇ ಕೇಳಿ.