ಇಸ್ತಾಂಬುಲ್‌ನಲ್ಲಿ ಪನೀರು ಯಾರಿಗೆ ಬೇಕಾಗಿತ್ತು?



ಕಳೆದ ತಿಂಗಳು ನಮ್ಮ ಬಳಗದ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ನನ್ನ ಮೇಲೊಂದು ಆರೋಪ ಬಂದಿತು. ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿದ್ದ ಆ ಶುಭಸಮಯದಲ್ಲಿಯೇ, ಎದುರು ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಾಲ್ಕು ಜನಕ್ಕೆ ಕೇಳುವಂತೆ, "ಇವರ ನೋಡ್ರಿ ನಮ್ಮ ಮಾಸ್ತರು. ಟರ್ಕಿಗೆ ಹೋದಾಗ ಟೂರಿನವರ ಶುದ್ಧ ಊಟ ಬಿಡಿಸಿ, ಅತ್ತಿಗಿನ್ನ ಕಂಡ ಕಂಡ ಖಾನಾವಳಿಗೆ ಕರಕೊಂಡು ಹೋದವರು" ಎಂದರು. ಸುತ್ತಲಿದ್ದವರು ನಕ್ಕರು. ಉಣ್ಣುವ ಎಲೆಯ ಮುಂದೆ ವಾದ ಹೂಡಬಾರದೆಂದು ನಾನು ಸುಮ್ಮನಾದೆ. ಆದರೆ ಮೌನವನ್ನು ಒಪ್ಪಿಗೆಯೆಂದು ತಿಳಿಯುವ ರೂಢಿ ನಮ್ಮವರಲ್ಲಿರುವುದರಿಂದ ಈ ಬರಹ ಅನಿವಾರ್ಯವಾಯಿತು.

ನಡೆದುದು 2019ರಲ್ಲಿ. ನಾನು ನಿವೃತ್ತನಾದ ಮರುವರ್ಷ. ಅಣ್ಣ, ಅತ್ತಿಗೆ, ನನ್ನ ಮಡದಿ ಮತ್ತು ನಾನು ಒಂದು ಪ್ರವಾಸಿ ಸಂಸ್ಥೆಯ ಮೂವತ್ತೆರಡು ಜನರ ತಂಡದೊಡನೆ ಎಂಟು ದಿನಗಳ ಟರ್ಕಿ ಪ್ರವಾಸಕ್ಕೆ ಹೊರಟಿದ್ದೆವು. ಮೇಲೆ ಹೇಳಿದ ಹಿರಿಯರೂ ಅದೇ ತಂಡದಲ್ಲಿದ್ದರು. (2025ರ ಮೇ ತಿಂಗಳಿನ ಸಂಘರ್ಷದ ವೇಳೆ ಟರ್ಕಿಯು ಪಾಕಿಸ್ತಾನದ ಪರ ನಿಂತಿತೆಂದು ನಮ್ಮವರಲ್ಲಿ ಅನೇಕರು ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಅದು ಅವರವರ ವಿವೇಚನೆಗೆ ಬಿಟ್ಟ ವಿಷಯ. ನಾನು ಹೇಳಹೊರಟಿರುವುದು ಊಟದ ಮಾತು.) ಸಂಸ್ಥೆಯ ಕರಪತ್ರದಲ್ಲಿ ದಪ್ಪ ಅಕ್ಷರಗಳಲ್ಲಿ ಮುದ್ರಿತವಾಗಿದ್ದುದು ಆಯಾ ಸೋಫಿಯಾದ ಹೆಸರಲ್ಲ, ಬಾಸ್ಫರಸ್ ಜಲಸಂಧಿಯ ಹೆಸರೂ ಅಲ್ಲ, "ಪ್ರತಿದಿನ ಎರಡು ಹೊತ್ತು ಶುದ್ಧ ಸಸ್ಯಾಹಾರಿ ಭಾರತೀಯ ಊಟ" ಎಂಬ ಆಶ್ವಾಸನೆ. ನಾನೂ ಅದನ್ನೇ ನೋಡಿ ಹಣ ಕಟ್ಟಿದವನು. ಆದ್ದರಿಂದ ದೋಷದಲ್ಲಿ ನನ್ನ ಪಾಲೂ ಇದೆ.

ಆ ಭಾರತೀಯ ಊಟವೆಂಬುದು ಏನು? ಮೊದಲ ದಿನ ಮಧ್ಯಾಹ್ನ ಪನೀರ್ ಬಟರ್ ಮಸಾಲಾ, ನಾನ್, ಹಳದಿ ದಾಲು, ಜೀರಾ ರೈಸು. ರಾತ್ರಿ ಪಾಲಕ್ ಪನೀರು, ನಾನ್, ಕಪ್ಪು ದಾಲು, ಜೀರಾ ರೈಸು. ಎರಡನೆಯ ದಿನ ಮತ್ತೆ ಮೊದಲಿನಿಂದ. ನಮ್ಮ ಹಾವೇರಿ ಸೀಮೆಯ ಮನೆಗಳಲ್ಲಿ ಇವುಗಳಲ್ಲಿ ಯಾವುದನ್ನು ಮಾಡುತ್ತಾರೆಂದು ಆ ಹಿರಿಯರು ದಯವಿಟ್ಟು ತಿಳಿಸಬೇಕು. ಜೋಳದ ರೊಟ್ಟಿಯಿತ್ತೆ? ಕಟ್ಟಿನ ಸಾರಿತ್ತೆ? ಹೆಸರುಕಾಳಿನ ಪಲ್ಯವಿತ್ತೆ? ಪಂಜಾಬಿನ ಹೋಟೆಲಿನ ಅಡುಗೆಯನ್ನು ಇಸ್ತಾಂಬುಲಿನಲ್ಲಿ ಉಂಡು, ನಮ್ಮ ಆಚಾರ ಉಳಿಯಿತೆಂದು ಕನ್ನಡಿಗರು ಕೈ ತೊಳೆದುಕೊಂಡು ಏಳುತ್ತಿದ್ದ ದೃಶ್ಯವನ್ನು ನಾನು ಎಂಟು ದಿನ ಕಂಡಿದ್ದೇನೆ. ಆ ಊಟದ ಹೆಸರು ಪರಿಚಿತವಾಗಿತ್ತು, ಅಷ್ಟೆ.

ಇದಕ್ಕೆ ತೆತ್ತ ಬೆಲೆಯನ್ನೂ ಲೆಕ್ಕ ಹಾಕೋಣ. ಅಂತಹ ಹೋಟೆಲುಗಳು ನಾವು ನೋಡುವ ಸ್ಥಳದ ಮಗ್ಗುಲಲ್ಲಿಯೇ ಇರುವುದಿಲ್ಲ. ಇಸ್ತಾಂಬುಲ್ ಕೋಟಿಗೂ ಮಿಗಿಲಾದ ಜನಸಂಖ್ಯೆಯ ನಗರ. ಅಲ್ಲಿನ ವಾಹನ ದಟ್ಟಣೆಯೂ ಅದಕ್ಕೆ ತಕ್ಕಂತೆಯೇ ಇದೆ. ಬಸ್ಸಿನಲ್ಲಿ ಹೋಗಿಬರುವುದಕ್ಕೇ ಒಂದು ಊಟಕ್ಕೆ ಸರಾಸರಿ ಮುಕ್ಕಾಲು ಗಂಟೆಯೆಂದರೂ ಹದಿನಾರು ಊಟಗಳಿಗೆ ಹನ್ನೆರಡು ಗಂಟೆ. ಎಂಟು ದಿನಗಳ ಪ್ರವಾಸದಲ್ಲಿ ಒಂದು ಪೂರ್ಣ ಹಗಲು ಪನೀರಿನ ಹುಡುಕಾಟದಲ್ಲಿ ವ್ಯಯವಾಯಿತು. ನಾಲ್ಕನೆಯ ದಿನ ವ್ಯವಸ್ಥಾಪಕರು ಬಸ್ಸಿನಲ್ಲಿ ಎದ್ದು ನಿಂತು, ಊಟಕ್ಕೆ ತಡವಾಗುವುದರಿಂದ ಸುಲೇಮಾನಿಯೆ ಮಸೀದಿಯನ್ನು ಕೈಬಿಡಲಾಗಿದೆಯೆಂದು ಪ್ರಕಟಿಸಿದರು.

ಇತಿಹಾಸದ ಅಧ್ಯಾಪಕನಿಗೆ ಅದು ಸಹಿಸುವ ಮಾತಾಗಿರಲಿಲ್ಲ. ಮಹಾಶಿಲ್ಪಿ ಸಿನಾನನು 1550ರಿಂದ 1557ರವರೆಗೆ ಕಟ್ಟಿದ ಕಟ್ಟಡವದು. ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು: "ಭೌಗೋಳಿಕ ಅನ್ವೇಷಣೆಗಳಿಗೆ ಕಾರಣಗಳಾವುವು?" ಎಂಬುದು ನಾಲ್ಕು ಅಂಕಗಳ ಪ್ರಶ್ನೆ. "1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಶಪಡಿಸಿಕೊಂಡರು" ಎಂಬುದು ಅದರ ಮೊದಲ ಅಂಶ. ಈ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಮೂವತ್ತಮೂರು ವರ್ಷ ಬರೆದವನು ಆ ನಗರಕ್ಕೇ ಬಂದು, ಜೀರಾ ರೈಸು ಆರಿಹೋದೀತೆಂದು ಸುಲೇಮಾನಿಯೆಯನ್ನು ಬಿಟ್ಟು ಹೋಗಬೇಕೆ? ನಾನು ಇಳಿಯುತ್ತೇನೆಂದು ಹೇಳುವಷ್ಟರಲ್ಲಿ ಅತ್ತಿಗೆಯೇ ಎದ್ದು ನಿಂತಿದ್ದರು. "ಮಾಸ್ತರ, ಈ ಪನೀರು ನಮ್ಮ ಹುಬ್ಬಳ್ಳ್ಯಾಗ ಸಿಗೂದಿಲ್ಲೇನು? ಇದನ್ನ ತಿನ್ನಾಕ ಇಮಾನ ಯಾಕ ಹತ್ತಬೇಕು? ನಡೀರಿ, ಇಳಿಯೂಣು." ಇದು ದಾಖಲಾಗಬೇಕಾದ ಸಂಗತಿ. ನಾನು ಅತ್ತಿಗೆಯನ್ನು ಕರೆದೊಯ್ದವನಲ್ಲ. ಅವರ ಹಿಂದೆ ಹೋದವನು.

ನಮ್ಮ ತಂಡದ ಸ್ಥಳೀಯ ಮಾರ್ಗದರ್ಶಿನಿ ಒಳ್ಳೆಯ ಹುಡುಗಿ. ಇಳಿಯುವ ಮುನ್ನ ಒಂದು ಚೀಟಿಯಲ್ಲಿ ನಾಲ್ಕು ಮಾತು ಬರೆದುಕೊಟ್ಟಳು. ಎತ್ ಯೋಕ್, ತಾವುಕ್ ಯೋಕ್, ಬಾಲುಕ್ ಯೋಕ್, ಎತ್ ಸುಯು ಯೋಕ್. ಅಂದರೆ ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ, ಮಾಂಸ ಬೇಯಿಸಿದ ನೀರೂ ಬೇಡ. ಕೊನೆಯದು ಬಹಳ ಮುಖ್ಯವೆಂದು ಅವಳೇ ಗೆರೆ ಎಳೆದು ತೋರಿಸಿದಳು.

ಮಸೀದಿಯನ್ನು ಕಣ್ತುಂಬ ನೋಡಿ, ಅದರ ಕೆಳಗಿನ ಇಳಿಜಾರು ಓಣಿಯೊಂದರಲ್ಲಿ ಒಂದು ಲೋಕಾಂತಾವನ್ನು ಹೊಕ್ಕೆವು. ಲೋಕಾಂತಾ ಎಂದರೆ ಅಕ್ಷರಶಃ ನಮ್ಮ ಖಾನಾವಳಿಯೇ. ಅಂಗಡಿಯವರು, ಕೂಲಿಗಳು, ಗುಮಾಸ್ತರು ಮಧ್ಯಾಹ್ನ ಉಣ್ಣುವ ಜಾಗ. ಬೆಳಿಗ್ಗೆ ಮಾಡಿದ ಹತ್ತು ಹದಿನೈದು ಬಗೆಯ ಪದಾರ್ಥಗಳನ್ನು ಗಾಜಿನ ಹಿಂದೆ ಅಗಲವಾದ ತಟ್ಟೆಗಳಲ್ಲಿಟ್ಟಿರುತ್ತಾರೆ. ಬೆರಳು ತೋರಿಸಿದರೆ ಬಡಿಸಿಕೊಡುತ್ತಾರೆ. ಭಾಷೆಯೇ ಬೇಡ. ಅವುಗಳಲ್ಲಿ ಮಾಂಸದ ತಟ್ಟೆಗಳೂ ಇದ್ದವು, ಅದನ್ನು ಮುಚ್ಚಿಡುವುದಿಲ್ಲ. ಬೇಳೆಯ ಸೂಪೊಂದು ನಮ್ಮ ತೊವ್ವೆಯಂತೆ ಕಂಡಿತು. ನಾನು ಅದರತ್ತ ಬೆರಳು ಚಾಚಿದೆ. ಬಡಿಸುವವನು ಚೀಟಿಯನ್ನು ಮತ್ತೊಮ್ಮೆ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ತಲೆಯಾಡಿಸಿ ಬೇಡವೆಂದ. ಮಾಂಸದ ನೀರಿನಲ್ಲಿ ಬೇಯಿಸಿದ್ದರಂತೆ. ಅವನು ಸುಮ್ಮನೆ ಬಡಿಸಿಬಿಟ್ಟಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಅತ್ತಿಗೆಯವರು ಸೌಟಿನ ಕಡೆ ತೋರಿಸಿ ಅಲ್ಲಿಗೂ ಇಲ್ಲಿಗೂ ಒಂದೆಯೆ ಎಂದು ಕೈಸನ್ನೆಯಲ್ಲಿ ಕೇಳಿದರು. ಆತ ನಗಲಿಲ್ಲ. ಒಳಗೆ ಹೋಗಿ ತೊಳೆದ ಸೌಟೊಂದನ್ನು ತಂದು, ಅವರ ಕಣ್ಣೆದುರಿಗೆ ಅದರಿಂದಲೇ ಬಡಿಸಿದ.

ಇನ್ನು ಹಿರಿಯರ "ಶುದ್ಧ"ಕ್ಕೆ ಬರೋಣ. ಪನೀರು ಬಡಿಸಿದ ಆ ಭಾರತೀಯ ಹೋಟೆಲಿನಲ್ಲಿ ಪಕ್ಕದ ಮೇಜಿನವರಿಗೆ ಅದೇ ಅಡುಗೆಮನೆಯಿಂದ ಕೋಳಿಯ ಪದಾರ್ಥ ಬರುತ್ತಿತ್ತು. ಅಲ್ಲಿ ಸೌಟಿನ ವಿಚಾರವನ್ನು ನಮ್ಮ ಮೂವತ್ತೆರಡು ಜನರಲ್ಲಿ ಒಬ್ಬರಾದರೂ ಕೇಳಿದ್ದರೆ? ನಾನೂ ಕೇಳಿರಲಿಲ್ಲ. ಮಾಣಿ ಹಿಂದಿಯಲ್ಲಿ ಮಾತನಾಡಿದ್ದು ನಮ್ಮೆಲ್ಲರಿಗೆ ಸಾಕಾಗಿತ್ತು. ಹಾಗಾದರೆ ನಾವು ಕಾಪಾಡುತ್ತಿದ್ದುದು ವ್ರತವನ್ನೋ, ನಮ್ಮ ಅಂಜಿಕೆಯನ್ನೋ?

ಆ ದಿನ ನಾವು ಉಂಡುದು ಇಷ್ಟು. ದ್ರಾಕ್ಷಿಯ ಎಲೆಯಲ್ಲಿ ಅನ್ನ, ಒಣದ್ರಾಕ್ಷಿ, ಪೈನ್ ಬೀಜಗಳನ್ನು ಸುತ್ತಿ ಬೇಯಿಸಿದ ಬೆರಳುದ್ದದ ಸುರುಳಿಗಳು. ಮಾಂಸವಿಲ್ಲದುದರಿಂದ ಇದನ್ನು ಅಲ್ಲಿಯವರು "ಯಲಾಂಜಿ ದೋಲ್ಮಾ" ಎನ್ನುತ್ತಾರೆ. ಸುಳ್ಳು ದೋಲ್ಮಾ ಎಂದರ್ಥ. ಟೊಮೆಟೊ ಹಾಕಿ ಬೇಯಿಸಿದ ಎಳೆಯ ಹುರುಳಿಕಾಯಿ. ಬ್ರೆಡ್ಡು. ಉಪ್ಪು ಹಾಕಿ ಕಡೆದ ಆಯ್ರಾನ್ ಎಂಬ ಮಜ್ಜಿಗೆ. ಮತ್ತು ಇಮಾಮ್ ಬಯಿಲ್ದಿ. ಇಡೀ ಬದನೆಕಾಯಿಯನ್ನು ಸೀಳಿ, ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ತುಂಬಿ, ಧಾರಾಳವಾಗಿ ಆಲಿವ್ ಎಣ್ಣೆ ಎರೆದು ಬೇಯಿಸಿದ್ದು. ಹೆಸರಿನ ಅರ್ಥ "ಇಮಾಮನು ಮೂರ್ಛೆಹೋದನು". ರುಚಿಗೆ ಮೂರ್ಛೆಹೋದನೆಂದು ಕೆಲವರೂ, ಹೆಂಡತಿ ಸುರಿದ ಎಣ್ಣೆಯ ಲೆಕ್ಕ ಕೇಳಿ ಮೂರ್ಛೆಹೋದನೆಂದು ಕೆಲವರೂ ಹೇಳುತ್ತಾರೆ. ಎರಡನೆಯದೇ ನಿಜವಿದ್ದೀತೆಂದು ಅಣ್ಣನ ಅಭಿಪ್ರಾಯ.

ತಟ್ಟೆ ಮುಟ್ಟಿದೊಡನೆ ಅತ್ತಿಗೆಯವರ ಮುಖ ಗಂಟಾಯಿತು. "ತಂಗಳ ಕೊಟ್ಟಾನೇನ?" ಎಂದರು. ಪದಾರ್ಥ ತಣ್ಣಗಿತ್ತು. ಆಲಿವ್ ಎಣ್ಣೆಯಲ್ಲಿ ಬೇಯಿಸಿದ ತರಕಾರಿಯನ್ನು ಆರಿದ ಮೇಲೆಯೇ ಬಡಿಸುವುದು ಅಲ್ಲಿಯ ಪದ್ಧತಿ. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಎರಡನೆಯ ತುತ್ತಿನ ಬಳಿಕ ತೀರ್ಪು ಬಂದಿತು: "ಇದು ನಮ್ಮ ಎಣ್ಣಿಗಾಯಿನ ಐತಿ ಮಾಸ್ತರ. ಖಾರ, ಶೇಂಗಾ ಹಾಕೂದು ಮರತಾರ, ಅಷ್ಟ." ಅನಂತರ ಎದ್ದು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಡುಗೆಯಾಕೆಯ ಬಳಿ ಹೋದರು. ಒಬ್ಬರಿಗೆ ಕನ್ನಡ ಬಿಟ್ಟು ಬೇರೆ ಬಾರದು, ಇನ್ನೊಬ್ಬರಿಗೆ ತುರ್ಕಿ ಬಿಟ್ಟು ಬಾರದು. ಕಾಲು ಗಂಟೆ ಮಾತನಾಡಿದರು. ಬದನೆಯನ್ನು ತುಂಬುವ ಮೊದಲು ಎಣ್ಣೆಯಲ್ಲಿ ಬಾಡಿಸಬೇಕೆಂಬ ಗುಟ್ಟನ್ನು ಅತ್ತಿಗೆ ತಿಳಿದುಕೊಂಡು ಬಂದರು. ನಮ್ಮ ಎಂಟು ದಿನಗಳಲ್ಲಿ ಆ ದೇಶದವರೊಬ್ಬರೊಡನೆ, ಮಾರಾಟಗಾರರನ್ನೂ ಮಾರ್ಗದರ್ಶಿನಿಯನ್ನೂ ಬಿಟ್ಟರೆ, ನಮ್ಮ ತಂಡದ ಯಾರಾದರೂ ಆಡಿದ ಮಾತು ಅದೊಂದೇ. ನನ್ನ ಮಡದಿಗೆ ಮಾತ್ರ ಆಲಿವ್ ಎಣ್ಣೆಯ ವಾಸನೆ ಹಿಡಿಸಲಿಲ್ಲ. ಬ್ರೆಡ್ಡು ಮಜ್ಜಿಗೆಯಲ್ಲಿ ಮುಗಿಸಿದಳು. ಅದೂ ಸರಿಯೇ. ಹಿಡಿಸಲಿಲ್ಲವೆಂದು ಹೇಳುವ ಹಕ್ಕು ತಿಂದು ನೋಡಿದವರಿಗಿದೆ.

ಅತ್ತಿಗೆಯವರ ನಾಲಿಗೆ ಹೇಳಿದುದನ್ನು ಭಾಷಾಶಾಸ್ತ್ರವೂ ಹೇಳುತ್ತದೆ. ಬದನೆ ಏಷ್ಯಾದ ನಮ್ಮ ಕಡೆಯ ಬೆಳೆ. ಭಾರತದಿಂದ ಪರ್ಷಿಯಾಕ್ಕೆ ಹೋಗಿ ಬಾದಿಂಜಾನ್ ಎನಿಸಿ, ತುರ್ಕರಲ್ಲಿ ಪತ್ಲಿಜಾನ್ ಆಯಿತು. ನಾವು ಉಂಡುದು ಪರದೇಶಕ್ಕೆ ಮದುವೆಯಾಗಿ ಹೋದ ನಮ್ಮ ಮನೆಯ ಮಗಳನ್ನೇ. ಇತ್ತ ತಂಡದವರು ಅಪಾಯಕಾಲಕ್ಕೆಂದು ಚೀಲಗಳಲ್ಲಿ ಕಟ್ಟಿ ತಂದಿದ್ದ ಶೇಂಗಾ ಚಟ್ನಿಪುಡಿಯ ಜಾತಕವನ್ನು ನೋಡಿರಿ. ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯೂ ಅಮೆರಿಕದ್ದು, ಪೋರ್ಚುಗೀಸರು ತರುವವರೆಗೆ ನಮ್ಮ ಬ್ಯಾಡಗಿಯ ನೆಲ ಅದನ್ನು ಕಂಡಿರಲಿಲ್ಲ. ಟೊಮೆಟೊ, ಆಲೂಗಡ್ಡೆಗಳ ಕಥೆಯೂ ಇದೇ. 1453ರ ಉತ್ತರವನ್ನು ನನ್ನಿಂದ ಕಲಿತವರು ಮುಂದಿನ ಅಂಶವನ್ನು ನೆನೆದುಕೊಳ್ಳಲಿ: ಅನ್ವೇಷಣೆಗಳಾದವು, 1492ರಲ್ಲಿ ಕೊಲಂಬಸನು ಅಮೆರಿಕವನ್ನು ಮುಟ್ಟಿದನು. ಯಾರೋ ಒಬ್ಬ ಅಜ್ಜ, ಯಾರೋ ಒಬ್ಬ ಅಜ್ಜಿ ಪರದೇಶದ ಆ ಕೆಂಪು ಕಾಯಿಯನ್ನು ಧೈರ್ಯಮಾಡಿ ಕಚ್ಚಿ ನೋಡಿದ್ದರಿಂದಲ್ಲವೆ ಇಂದು ನಮಗೆ ರೊಟ್ಟಿಯ ಜೊತೆಗೆ ಖಾರವಿರುವುದು? ಆ ಅಜ್ಜನೇನಾದರೂ ನಮ್ಮ ಪ್ರವಾಸಿ ಸಂಸ್ಥೆಯಲ್ಲಿ ಹಣ ಕಟ್ಟಿದ್ದರೆ ನಾವೆಲ್ಲರೂ ಇನ್ನೂ ಕರಿಮೆಣಸಿನಲ್ಲಿಯೇ ಇರುತ್ತಿದ್ದೆವು.

ಇಷ್ಟು ಬರೆದ ಮೇಲೆ ಒಂದು ತಪ್ಪೊಪ್ಪಿಗೆ ಇದೆ. 1990ರ ದಶಕದಲ್ಲಿ ಹತ್ತನೆಯ ತರಗತಿಯವರನ್ನು ಕೇರಳಕ್ಕೆ ಪ್ರವಾಸ ಕರೆದೊಯ್ದಿದ್ದೆ. ಬಸ್ಸಿನ ಮೇಲೆ ನಮ್ಮೂರಿನ ಅಡುಗೆಯವನು, ಅಕ್ಕಿ, ಪಾತ್ರೆ, ಸೀಮೆಎಣ್ಣೆಯ ಒಲೆ. ಮೂರು ಹೊತ್ತೂ ಚಿತ್ರಾನ್ನ, ಉಪ್ಪಿಟ್ಟು. ತಿರುವನಂತಪುರದಲ್ಲಿ ಒಬ್ಬ ಹುಡುಗ ತಪ್ಪಿಸಿಕೊಂಡು ಹೋಗಿ ಯಾವುದೋ ಚಹಾದಂಗಡಿಯಲ್ಲಿ ಪುಟ್ಟು, ಕಡಲೆ ಕರಿ ತಿಂದು ಬಂದನು. ನಾನು ಅವನನ್ನು ಎಲ್ಲರೆದುರಿಗೆ ಬಸ್ಸಿನ ಬಾಗಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ ಬೈದೆ. ಹೇಳದೆ ಹೋದುದಕ್ಕೆ ಬೈದಿದ್ದರೆ ಅದು ಅಧ್ಯಾಪಕನ ಕರ್ತವ್ಯವಾಗುತ್ತಿತ್ತು. ನಾನು ಬೈದುದು ತಿಂದುದಕ್ಕೆ. ಆ ಪ್ರವಾಸದಲ್ಲಿ ಕೇರಳವನ್ನು ನಿಜವಾಗಿ ಕಂಡವನು ಅವನೊಬ್ಬನೇ. ಅವನು ಇದನ್ನು ಓದುತ್ತಿದ್ದರೆ ನನ್ನನ್ನು ಕ್ಷಮಿಸಲಿ. ಪುಟ್ಟು ಹೇಗಿತ್ತೆಂದು ಎರಡು ಸಾಲು ಬರೆದು ತಿಳಿಸಲಿ.

ಮಧುಮೇಹಿಗಳು, ವ್ರತನಿಷ್ಠರು, ತೀರ ವಯಸ್ಸಾದವರು ತಮ್ಮ ಊಟವನ್ನು ಜೊತೆಗೊಯ್ದರೆ ನನ್ನ ಆಕ್ಷೇಪವಿಲ್ಲ. ನನ್ನ ಜಗಳವಿರುವುದು ಆರೋಗ್ಯವಂತರಾಗಿದ್ದು, ಪ್ರಶ್ನೆಯನ್ನೇ ಕೇಳದೆ, "ಅಲ್ಲಿ ನಮಗೆ ಏನೂ ಸಿಗುವುದಿಲ್ಲ" ಎಂದು ಷರಾ ಬರೆಯುವವರ ಮೇಲೆ. ಇಥಿಯೋಪಿಯಾದ ಸಾಂಪ್ರದಾಯಿಕ ಕ್ರೈಸ್ತರು ಬುಧವಾರ, ಶುಕ್ರವಾರಗಳಂದು ಹಾಲನ್ನೂ ಮುಟ್ಟದೆ ಉಪವಾಸವಿದ್ದು, ಹುದುಗು ಬಂದ ದೋಸೆಯಂತಹ ಇಂಜೆರಾದ ಮೇಲೆ ಬೇಳೆ, ಸೊಪ್ಪು ಬಡಿಸಿಕೊಂಡು ಉಣ್ಣುತ್ತಾರೆ. ಜಪಾನಿನ ಬೌದ್ಧ ಮಠಗಳಲ್ಲಿ ಶೋಜಿನ್ ರ್ಯೋರಿ ಎಂಬ ಸಸ್ಯಾಹಾರದ ಪದ್ಧತಿಯಿದೆ. ವಿಯೆಟ್ನಾಮಿನಲ್ಲಿ ಅನೇಕ ಬೌದ್ಧರು ಚಾಂದ್ರಮಾನದ ಒಂದನೆಯ ಮತ್ತು ಹದಿನೈದನೆಯ ದಿನ, ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ಮಾಂಸ ತಿನ್ನುವುದಿಲ್ಲ. ಅಲ್ಲಿ "ಚಾಯ್" ಎಂಬ ಫಲಕವಿರುವ ಹೋಟೆಲು ಸಸ್ಯಾಹಾರಿಗಳದು. ನಮ್ಮ ತಂಗಿಯ ಮಗನ ಸಂಸಾರ ಬರುವ ತಿಂಗಳು ಅಡುಗೆಯವನನ್ನೂ ಕರೆದೊಯ್ಯುವ ತಂಡವೊಂದರ ಜೊತೆ ವಿಯೆಟ್ನಾಮಿಗೆ ಹೊರಟಿದೆ. ಆ ಪದವನ್ನು ಚೀಟಿಯಲ್ಲಿ ಬರೆದು ಅವನ ಪಾಸ್‌ಪೋರ್ಟಿನೊಳಗೆ ಇಟ್ಟಿದ್ದೇನೆ.

ಬರೆದುದನ್ನು ಪ್ರಕಟಿಸುವ ಮೊದಲು ಅತ್ತಿಗೆಯವರಿಗೆ ಓದಿ ಹೇಳುವುದು ನ್ಯಾಯವೆನಿಸಿತು. ಅವರು ಈಗಲೂ ತಿಂಗಳಿಗೊಮ್ಮೆ ಆ ತುರ್ಕಿ ಬದನೆಯನ್ನು ಮಾಡುತ್ತಾರೆ, ಖಾರ ಶೇಂಗಾಗಳ ತಿದ್ದುಪಡಿಯೊಂದಿಗೆ. ಫೋನಿನಲ್ಲಿ ಕೊನೆಯವರೆಗೂ ಕೇಳಿ, "ಎಲ್ಲಾ ಬರದೀರಿ ಖರೆ, ಆ ಸೌಟಿಂದು ಬರದೀರೇನು?" ಎಂದರು. ಬರೆದಿದ್ದೇನೆಂದೆ. "ಇನ್ನೊಮ್ಮೆ ಓದ್ರಿ ಅಷ್ಟನ್ನ" ಎಂದರು. ಓದಿದೆ.