ನೆರೆ ಇಳಿದ ಮೇಲೆ

ಪ್ರವಾಹ ಬಂದೊಡನೆ ಕರುಣೆ ಉಕ್ಕುವುದು ಮನುಷ್ಯಸ್ವಭಾವ. ಉಕ್ಕಿದ ಕರುಣೆಯು ನೀರಿಗಿಂತ ಬೇಗನೆ ಇಳಿದುಹೋಗುವುದೂ ಅದೇ ಸ್ವಭಾವ. ಈ ಎರಡನೆಯದನ್ನು ಕುರಿತು ವಾಚಕ ಮಹಾಶಯರೊಡನೆ ತುಸು ನಿಷ್ಠುರವಾಗಿಯೇ ಮಾತನಾಡಬೇಕೆಂದಿದ್ದೇವೆ.

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ನಾಡಿನ ನಾನಾ ಕಡೆಗಳಿಂದ ಅಕ್ಕಿ, ಕಂಬಳಿ, ಬಟ್ಟೆಗಳನ್ನು ಹೇರಿಕೊಂಡು ಲಾರಿಗಳು ಮಡಿಕೇರಿಯತ್ತ ನಡೆದವು. ಅದು ಸರಿಯಾದುದೇ. ಕೊಡಗಿನ ಮಳೆಯಿಂದ ಉಣ್ಣುವ ಕಾವೇರಿ ಸೀಮೆ ಅಷ್ಟನ್ನೂ ಮಾಡದಿದ್ದರೆ ಕೃತಘ್ನತೆಯಾದೀತು. (ಉಟ್ಟು ಸವೆದ ಬಟ್ಟೆಯ ಗಂಟನ್ನು ದಾನವೆನ್ನಬಹುದೇ ಎಂಬ ಪ್ರಶ್ನೆಯನ್ನು ಕೊಟ್ಟವರ ಆತ್ಮಸಾಕ್ಷಿಗೆ ಬಿಡುತ್ತೇವೆ.) ಆದರೆ 2019ರ ಆಗಸ್ಟ್‌ನಲ್ಲಿ, ಮತ್ತೆ 2024ರ ಜುಲೈ ಕೊನೆಯಲ್ಲಿ ಕನ್ನಂಬಾಡಿ ಕಟ್ಟೆಯಿಂದ ಲಕ್ಷ ಕ್ಯೂಸೆಕ್ ಮೀರಿ ನೀರು ಹೊರಬಿದ್ದಾಗ ಶ್ರೀರಂಗಪಟ್ಟಣದಲ್ಲಿ ನಾವು ಮಾಡಿದ್ದೇನು? 1804ರ ವೆಲ್ಲೆಸ್ಲಿ ಸೇತುವೆಯ ಬಳಿ ನಿಂತು ಹೊಳೆಯನ್ನು ನೋಡಿದೆವು, ಚಿತ್ರ ತೆಗೆದೆವು. ನದೀತೀರದ ಗದ್ದೆಯವನು ನೀರಿಳಿದ ಮೇಲೆ ಒಬ್ಬನೇ ತನ್ನ ಹೊಲಕ್ಕಿಳಿದನು. 2022ರ ಮಳೆಗಾಲದಲ್ಲಿ ನಾಗಮಂಗಲ, ಕೃಷ್ಣರಾಜಪೇಟೆಗಳ ಕಡೆ ಕೆರೆಗಳು ಕೋಡಿಬಿದ್ದು, ಕೆಲವು ಏರಿಗಳು ಒಡೆದಾಗಲೂ ಇದೇ ಕಥೆ. ಕನ್ನಡದಲ್ಲಿ ನೆರೆ ಎಂದರೆ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು. ದೂರದ ನೆರೆಗೆ ಓಡುವ ನಮಗೆ ಹತ್ತಿರದ ನೆರೆಮನೆ ಕಾಣಿಸದೆ ಹೋಯಿತು.

“ಅದಕ್ಕೆಲ್ಲ ಸರ್ಕಾರವಿದೆ, ಪರಿಹಾರ ಕೊಡುತ್ತದೆ” ಎನ್ನುವ ಜಾಣರುಂಟು. ಆ ಪರಿಹಾರದ ಲೆಕ್ಕವನ್ನು ಅವರು ಒಮ್ಮೆಯಾದರೂ ನೋಡಿದ್ದಾರೆಯೇ? 2022ರಿಂದ 2026ರವರೆಗಿನ ಅವಧಿಗೆ ಕೇಂದ್ರವು ಗೊತ್ತುಪಡಿಸಿದ ದರದಂತೆ, ಸಣ್ಣ ಹಿಡುವಳಿದಾರನ ಭೂಮಿಯಲ್ಲಿ 3 ಅಂಗುಲ ಮೀರಿ ಹೂಳು ಕೂತಿದ್ದರೆ ಅದನ್ನು ತೆಗೆಯಲು ಹೆಕ್ಟೇರಿಗೆ 18,000 ರೂಪಾಯಿ. ಒಂದು ಹೆಕ್ಟೇರಿನಲ್ಲಿ 3 ಅಂಗುಲದ ಹೂಳೆಂದರೆ ಸುಮಾರು 760 ಘನಮೀಟರ್. ಟ್ರ್ಯಾಕ್ಟರಿಗೆ 3 ಘನಮೀಟರ್ ತುಂಬಿದರೂ 250 ಲೋಡು. ಲೋಡಿಗೆ ದೊರೆತದ್ದು 72 ರೂಪಾಯಿ! ಬಾಡಿಗೆ, ಡೀಸೆಲ್, ಆಳು, ಎಲ್ಲವೂ ಇದರಲ್ಲೇ ಆಗಬೇಕು. ಮಳೆಯಾಶ್ರಯದ ಬೆಳೆ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಹಾಳಾಗಿದ್ದರೆ ಹೆಕ್ಟೇರಿಗೆ 8,500, ನೀರಾವರಿಯದಾದರೆ 17,000. ಅದೂ 2 ಹೆಕ್ಟೇರಿನ ಮಿತಿಗೆ. ಈ ಹಣವಾದರೂ ಪಹಣಿಯಲ್ಲಿ ಹೆಸರಿದ್ದವನಿಗೆ. ವಾರಕ್ಕೆ ಮಾಡಿದವನು ಬೀಜ, ಗೊಬ್ಬರ, ಬೆವರು ಮೂರನ್ನೂ ಕಳೆದುಕೊಂಡು, ಪಟ್ಟಣದಲ್ಲಿರುವ ಜಮೀನಿನೊಡೆಯನ ಖಾತೆಗೆ ಹಣ ಬಿದ್ದ ಸುದ್ದಿಯನ್ನು ಕೇಳಿಸಿಕೊಳ್ಳುತ್ತಾನೆ. ಇದನ್ನು ಸರಿಪಡಿಸಲು ಲಾರಿ ಬೇಕಿಲ್ಲ. ಒಡೆಯನೆದುರು ಕುಳಿತು ನ್ಯಾಯ ಹೇಳಬಲ್ಲ ಊರಿನ ನಾಲ್ಕು ಜನ ಬೇಕು.

ನಮ್ಮ ಸೀಮೆಯಲ್ಲಿ ಮುಯ್ಯಾಳು ಎಂಬುದೊಂದಿತ್ತು. ನಾಟಿಗೋ ಕುಯ್ಲಿಗೋ ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಅದರಲ್ಲಿ ಕೊಡುವವನು ಮೇಲಲ್ಲ, ಪಡೆಯುವವನು ಕೀಳಲ್ಲ, ಹಾರವಿಲ್ಲ, ಭಾಷಣವಿಲ್ಲ. ಪ್ರಕೃತಿವಿಕೋಪದ ಸೇವೆಗೆ ಇದಕ್ಕಿಂತ ಯೋಗ್ಯವಾದ ಮಾದರಿಯನ್ನು ನಾವು ಕಾಣೆವು. ಮೇಲಾಗಿ ಈ ನಾಲ್ಕು ತಾಲ್ಲೂಕುಗಳು ನೀರಿನ ಲೆಕ್ಕದಲ್ಲಿ ಒಂದೇ ಮನೆ. ನಾಗಮಂಗಲದ ಕಡೆ ಹುಟ್ಟಿದ ಲೋಕಪಾವನಿ ಪಾಂಡವಪುರ ತಾಲ್ಲೂಕನ್ನು ಹಾಯ್ದು ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುತ್ತದೆ; ಹೇಮಾವತಿಯು ಕೃಷ್ಣರಾಜಪೇಟೆಯ ನೆಲವನ್ನು ತೋಯಿಸಿ ಕನ್ನಂಬಾಡಿಯ ಹಿನ್ನೀರಿಗಿಳಿಯುತ್ತದೆ. ಮೇಲಿನೂರಿನ ಕೆರೆ ಒಡೆದರೆ ಹೂಳು ಬೀಳುವುದು ಕೆಳಗಿನೂರಿನ ಗದ್ದೆಯಲ್ಲಿ. ಮುಯ್ಯಿಗೆ ಇದಕ್ಕಿಂತ ಬೇರೆ ಸಂಬಂಧ ಬೇಕೆ?

ಮಠಗಳನ್ನೂ ಈ ಮಾತಿನಿಂದ ಹೊರಗಿಡುವಂತಿಲ್ಲ. ಅನ್ನವಿಕ್ಕುವುದರಲ್ಲಿ ಮಠಗಳ ಕೈ ದೊಡ್ಡದು. ಭಕ್ತರ ಕೈಗೆ ಗುದ್ದಲಿ ಕೊಡುವುದರಲ್ಲಿ ಸಂಕೋಚ. ಕಾಯಕವಿಲ್ಲದ ದಾಸೋಹವನ್ನು ಶರಣರು ಒಪ್ಪಿದವರಲ್ಲ. ಉತ್ಸವಕ್ಕೆ ನೂರು ಟ್ರ್ಯಾಕ್ಟರುಗಳನ್ನು ಕೂಡಿಸಬಲ್ಲ ಊರುಗಳು ಹೂಳೆತ್ತಲು ಹತ್ತನ್ನು ಕೂಡಿಸಲಾರವೆಂದರೆ ನಂಬುವುದು ಹೇಗೆ?

ಕೆಲಸವೇನೆಂದು ತರುಣರು ಕೇಳುವುದುಂಟು. ಬೆಳೆವಿಮೆ ಮಾಡಿಸಿದವನು ಸ್ಥಳೀಯ ವಿಕೋಪದ ನಷ್ಟವನ್ನು 72 ಗಂಟೆಗಳೊಳಗೆ ತಿಳಿಸಬೇಕು. ಮನೆಗೆ ನೀರು ನುಗ್ಗಿದವನಿಗೆ ಆ ಮೂರು ದಿನ ದಿಕ್ಕೇ ತೋಚುವುದಿಲ್ಲ. ಅವನ ಪರವಾಗಿ ಹೊಲಕ್ಕೆ ಹೋಗಿ ಚಿತ್ರ ತೆಗೆದು ದೂರವಾಣಿ ಮಾಡಿಸುವುದು ಮೊದಲ ಸೇವೆ. ಕೈಯಲ್ಲಿರುವ ಮೊಬೈಲು ಸೇತುವೆಯ ಬಳಿಗಿಂತ ಅಲ್ಲಿ ಸಾರ್ಥಕವಾದೀತು. ಬಾವಿಯ ಕೆಸರು ತೆಗೆಯುವುದು, ಸತ್ತ ದನಕುರಿಗಳನ್ನು ಹೂಳುವುದು, ವಿಧವೆಯ ಮನೆಯ ಗೋಡೆಗೆ ಆಸರೆ ಕೊಡುವುದು ಆಮೇಲಿನವು. ಇವು ವಾರಕ್ಕೆ ಮುಗಿಯುವಂಥವಲ್ಲ. ಮುಂದಿನ ಬಿತ್ತನೆಯವರೆಗೂ ಜನ ಬೇಕು.

ಮಳೆಗೆ ಮೊದಲಿನ ಕೆಲಸವೂ ಇದೆ. ನೀರುಗಂಟಿಯಿದ್ದ ಕಾಲದಲ್ಲಿ ಕೆರೆಗೆ ಒಬ್ಬ ಯಜಮಾನನಿದ್ದ. ಈ ಬೇಸಗೆಯಲ್ಲಿ ನಿಮ್ಮೂರಿನ ಕೆರೆಯ ಏರಿಯ ಮೇಲೆ ಒಮ್ಮೆ ನಡೆದು ಬನ್ನಿ. ಕೋಡಿಯ ಕಾಲುವೆಯನ್ನು ಯಾರು ಒತ್ತಿದ್ದಾರೆ, ಏರಿಯಲ್ಲಿ ಎಲ್ಲಿ ಮರದ ಬೇರು ಇಳಿದಿದೆ, ತೂಬನ್ನು ಎತ್ತುವವನು ಈಗ ಯಾರು ಎಂದು ವಿಚಾರಿಸಿ. ಯಾರಿಗೂ ಗೊತ್ತಿಲ್ಲವೆಂದರೆ ಆ ಭಾನುವಾರವೇ ಊರವರನ್ನು ಏರಿಯ ಮೇಲೆ ಸೇರಿಸಿರಿ.