ಪ್ರಸಾದಕ್ಕೂ ಒಂದು ಹೊತ್ತುಂಟು



ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ ಭಕ್ತರೊಬ್ಬರ ಮನೆಗೆ ಪಾದಪೂಜೆಗೆ ದಯಮಾಡಿಸಿದ್ದೆವು. ರೇಷ್ಮೆ ಸಾಕುವ ಮನೆ. ಪೂಜೆ ಇನ್ನೂ ನಡೆಯುತ್ತಿರುವಾಗಲೇ ಯಜಮಾನರು ಗಡಿಯಾರ ನೋಡಿ, "ಬುದ್ಧಿ, ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು" ಎಂದು ಕೈಮುಗಿದು ಎದ್ದರು. ನಮಗೆ ಬೇಸರವಾಗಲಿಲ್ಲ, ಅದು ಅವರ ಕಾಯಕ. ಬೇಸರವಾದದ್ದು ಆಮೇಲೆ. ಸಕ್ಕರೆ ಕಾಯಿಲೆಯುಳ್ಳ ಆ ಯಜಮಾನರು ರಾತ್ರಿ ಉಣ್ಣುವುದು ಹನ್ನೊಂದು ಗಂಟೆಗೆ, ದೂರದರ್ಶನದ ಮುಂದೆ ಕುಳಿತು, ಎಂದು ಅವರ ಮನೆಯಾಕೆ ಹೇಳಿದಾಗ.

ಹುಳು ಜ್ವರಕ್ಕೆ ಕೂತಾಗ ಒಂದೆಲೆಯನ್ನೂ ಹಾಕಬಾರದು, ಎದ್ದ ಮೇಲೆಯೇ ಹಾಕಬೇಕು ಎಂಬುದನ್ನು ಆ ಯಜಮಾನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೀಗೆ ನಾಲ್ಕು ಜ್ವರ ದಾಟಿದ ಹುಳುವೇ ಗೂಡು ಕಟ್ಟುವುದು. ತಿನ್ನುವುದಕ್ಕೆ ಹೊತ್ತಿರುವಂತೆ ತಿನ್ನದೆ ಇರುವುದಕ್ಕೂ ಹೊತ್ತಿದೆ. ಹುಳುವಿನ ಮಟ್ಟಿಗೆ ಒಪ್ಪಿದ ಈ ಮಾತನ್ನು ನಮ್ಮ ಹೊಟ್ಟೆಯ ಮಟ್ಟಿಗೆ ಮಾತ್ರ ನಾವು ಒಪ್ಪುತ್ತಿಲ್ಲ.

ನಮ್ಮ ಸೀಮೆಯ ಹಿರಿಯರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ತಂಗಳು ಮುದ್ದೆಗೆ ಮಜ್ಜಿಗೆ ಹಾಕಿಕೊಂಡು ಉಂಡು ಹೊಲಕ್ಕೆ ಹೋಗುತ್ತಿದ್ದರು. ಮಧ್ಯಾಹ್ನದ ಬುತ್ತಿ ಹೊಲಕ್ಕೇ ಬರುತ್ತಿತ್ತು. ಸಂಜೆ ದೀಪ ಹಚ್ಚಿ, ಮತ್ತೆ ಪೂಜೆ ಮಾಡಿ ಉಂಡರೆ ಮರುದಿನದವರೆಗೆ ಬಾಯಿಗೆ ಬಿಡುವು. ಇದೆಲ್ಲವೂ ಜ್ಞಾನದಿಂದಲೇ ಬಂದದ್ದೆಂದು ನಾವು ಹೇಳುವುದಿಲ್ಲ. ಸೀಮೆಎಣ್ಣೆ ಉಳಿಸಬೇಕೆಂಬ ಬಡತನವೂ ಅದರಲ್ಲಿತ್ತು. ಆದರೂ ಲಿಂಗಕ್ಕೆ ಅರ್ಪಿಸದೆ ಉಣ್ಣಬಾರದೆಂಬ ನಿಯಮ ಉಳ್ಳವನು ಹೊತ್ತುಗೊತ್ತಿಲ್ಲದೆ ಮೆಲ್ಲುವಂತಿರಲಿಲ್ಲ. ಪೂಜೆಯ ಹೊತ್ತೇ ಊಟದ ಹೊತ್ತನ್ನು ಕಟ್ಟಿಹಾಕುತ್ತಿತ್ತು. ಅಷ್ಟಾವರಣದಲ್ಲಿ ಪ್ರಸಾದಕ್ಕೆ ಸ್ಥಾನ ಕೊಟ್ಟವರು ಅದನ್ನು ಬರೀ ಅನ್ನವೆಂದು ಎಣಿಸಿರಲಿಲ್ಲ.

2017ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಅಮೆರಿಕದ ಹಾಲ್, ರಾಸ್ಬಾಷ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ ಬಂದಿತು. ಸಣ್ಣದೊಂದು ನೊಣದ ಮೈಯೊಳಗೆ ಹಗಲು ರಾತ್ರಿಯ ಗಡಿಯಾರ ಹೇಗೆ ನಡೆಯುತ್ತದೆಂಬುದನ್ನು ಅವರು ಕಂಡುಹಿಡಿದಿದ್ದರು. ಮನುಷ್ಯನಲ್ಲೂ ಅದುಂಟು. ಮಿದುಳಿನ ಗಡಿಯಾರ ಬೆಳಕನ್ನು ನೋಡಿ ನಡೆಯುತ್ತದೆ, ಯಕೃತ್ತಿನ ಗಡಿಯಾರ ಮುಖ್ಯವಾಗಿ ಊಟದ ಹೊತ್ತನ್ನು ನೋಡಿ. ಒಂದು ಮಲಗು ಎನ್ನುವಾಗ ಇನ್ನೊಂದಕ್ಕೆ ನಾವು ಕೆಲಸ ಹಚ್ಚಿದರೆ ಮನೆಯೊಳಗೆ ಇಬ್ಬರು ಯಜಮಾನರಿದ್ದಂತೆ. ರಾತ್ರಿ ಹೊತ್ತು ಇನ್ಸುಲಿನ್ನಿನ ಕೆಲಸವೂ ಮಂದ. ಬೆಳಿಗ್ಗೆ ಉಂಡ ಮುದ್ದೆಗಿಂತ ನಡುರಾತ್ರಿ ಉಂಡ ಅದೇ ಮುದ್ದೆ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ.

ಹೀಗೆಂದ ಕೂಡಲೇ ಹಿರಿಯರು ಮನೆಯ ಹುಡುಗರ ಮೇಲೆ ದೂರು ಹೇಳುತ್ತಾರೆ. ಅದು ನ್ಯಾಯವಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಆ ಸುತ್ತಿನ ಹಳ್ಳಿಗಳ ಮಕ್ಕಳಿಗೆ ಅಲ್ಲಿ ರಾತ್ರಿ ಪಾಳಿ. ದೊಡ್ಡಬಳ್ಳಾಪುರದ ಮಗ್ಗಗಳಿಗೂ ದಾಬಸ್‌ಪೇಟೆಯ ಕಾರ್ಖಾನೆಗಳಿಗೂ ನಿದ್ದೆಯಿಲ್ಲ. ಹೊಸಕೋಟೆಯಲ್ಲಂತೂ ಬೆಳಗಿನ ಜಾವ ನಾಲ್ಕಕ್ಕೇ ಹೋಟೆಲಿನ ಮುಂದೆ ಸಾಲು. ಅದು ಯಾವ ಊಟವೆಂದು ನಾವು ಹೇಳಬೇಕಾಗಿಲ್ಲ. ರಾತ್ರಿ ದುಡಿಯುವ ಮಗ ಹಾಳಾದನೆಂದು ಗೊಣಗುವ ಬದಲು ಅವನು ಹೊರಡುವ ಮುನ್ನ, ಸಂಜೆಯೇ, ಹೊಟ್ಟೆ ತುಂಬ ಬಿಸಿ ಊಟ ಬಡಿಸಿರಿ. ನಡುರಾತ್ರಿಗೆ ಅನ್ನದ ಬುತ್ತಿ ಬೇಡ, ಮಜ್ಜಿಗೆಯಂಥ ಹಗುರವಾದದ್ದಿದ್ದರೆ ಸಾಕು. ಪೂಜೆಯನ್ನು ಅವನು ಎದ್ದ ಹೊತ್ತಿಗೆ ಮಾಡಲಿ. ಲಿಂಗಕ್ಕೆ ಹಗಲು ರಾತ್ರಿಯ ಭೇದವಿಲ್ಲ, ದೇಹಕ್ಕೆ ಇದೆ.

ಇನ್ನು ನಮ್ಮದೇ ತಪ್ಪಿನ ಮಾತು. ಮಠಗಳ ಧರ್ಮಸಭೆಗಳು ಆರಕ್ಕೆಂದು ಅಚ್ಚಾಗಿ ಎಂಟಕ್ಕೆ ಆರಂಭವಾಗುತ್ತವೆ. ಅತಿಥಿಗಳ ಸನ್ಮಾನ, ಹಾರ, ಭಾಷಣ ಎಲ್ಲ ಮುಗಿದು ದಾಸೋಹದ ಎಲೆ ಹಾಕುವಾಗ ಹನ್ನೊಂದು ಹೊಡೆದಿರುತ್ತದೆ. ಕಳೆದ ಜಾತ್ರೆಯಲ್ಲಿ ನಮ್ಮ ಮಠದಲ್ಲಿಯೇ ತಾಯಿಯೊಬ್ಬರು ಪಂಕ್ತಿ ಕಾಯುತ್ತ ಬೆವರಿ ಕುಸಿದರು. ಸಕ್ಕರೆಯ ಮಾತ್ರೆ ನುಂಗಿ ಬಂದಿದ್ದರಂತೆ. ಬೆಲ್ಲದ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು. ಆ ಹೊತ್ತಿನಲ್ಲಿ ವೇದಿಕೆಯ ಮೇಲೆ ಆಶೀರ್ವಚನ ಹೇಳುತ್ತಿದ್ದವರು ನಾವೇ.

2019ರ ಜನವರಿ 21ರಂದು ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದದ್ದು ಮಧ್ಯಾಹ್ನಕ್ಕೆ ಮುಂಚೆ. ನಾಡಿಗೆ ಸುದ್ದಿ ತಿಳಿಸಿದ್ದು ಮಾತ್ರ ಮಠದ ಮಕ್ಕಳ ಪ್ರಸಾದವಾದ ಮೇಲೆ. ಅದು ಆ ಪೂಜ್ಯರದೇ ಇಚ್ಛೆಯಾಗಿತ್ತು. ತಮ್ಮ ಸಾವಿಗಾಗಿಯೂ ಮಕ್ಕಳ ಊಟದ ಹೊತ್ತು ತಪ್ಪಬಾರದೆಂದವರ ಮುಂದೆ ನಮ್ಮ ಭಾಷಣದ ಬೆಲೆ ಎಷ್ಟು?

ಆದ್ದರಿಂದ ಬರುವ ಕಾರ್ತಿಕ ಸೋಮವಾರದಿಂದ ನಮ್ಮ ಮಠದಲ್ಲಿ ಸಂಜೆ ಏಳಕ್ಕೆ ಮೊದಲ ಪಂಕ್ತಿ ಏಳಬೇಕೆಂದು ದಾಸೋಹದವರಿಗೆ ಹೇಳಿದ್ದೇವೆ. ಗಣ್ಯರು ಬರಲಿ, ಬಾರದಿರಲಿ, ಎಲೆ ಹಾಕುವುದು ನಿಲ್ಲದು. ಉಂಡ ಮೇಲೆ ಕುಳಿತು ಪ್ರವಚನ ಕೇಳಬಹುದು. ನಿದ್ದೆ ಬಂದವರು ಎದ್ದು ಮನೆಗೆ ಹೋಗಬಹುದು, ನಾವು ತಪ್ಪು ತಿಳಿಯುವುದಿಲ್ಲ.